ಗೈಡ್ ಬರೆದ ಲೇಖನ ವಾಪಸ್ ಕಳಿಸುವುದು ಹೇಗೆ?

ಪ್ರಶ್ನೆ: ನಾನು ಸಾಗರದ ಕಡೆಯವಳು. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಸಂಶೋಧನಾ ಜರ್ನಲ್ ಲಿಂಗನಮಕ್ಕಿ ಅಣೆಕಟ್ಟಿನಿಂದಾದ ಶರಾವತಿ ಮುಳುಗಡೆ ಕುರಿತು ವಿಶೇಷ ಸಂಚಿಕೆ ತರುತ್ತಿದೆ. ಅದಕ್ಕೆ ನಾನು ಮತ್ತು ಬೆಂಗಳೂರಿನ ಒಬ್ಬರು ಅತಿಥಿ ಸಂಪಾದಕರು. ಒಟ್ಟು ಒಂಬತ್ತು ಲೇಖನ. ಅದರಲ್ಲಿ ಒಂದು ನನ್ನ ಪಿಎಚ್‌ಡಿ ಗೈಡ್ ಬರೆದದ್ದು. ಸರ್ ನಿವೃತ್ತರಾಗಿ ಹೊಸನಗರದಲ್ಲಿದ್ದಾರೆ. ಆ ಮನೆಯಲ್ಲಿ ನಾನು ಎಷ್ಟು ಸಲ ಉಂಡಿದ್ದೇನೋ ಲೆಕ್ಕ ಇಲ್ಲ. ಅವರ ಹೆಂಡತಿಯನ್ನು ಅಮ್ಮ ಅಂತಲೇ ಕರೆಯುತ್ತೇನೆ. ಎಂಬತ್ತರ ದಶಕದಲ್ಲಿ ಸರ್ ಮುಳುಗಡೆ ಊರಿನವರನ್ನು ಮಾತಾಡಿಸಿ ಬರೆದಿಟ್ಟ ನೋಟ್‌ಬುಕ್‌ಗಳ ಮೇಲೇ ನನ್ನ ಪಿಎಚ್‌ಡಿ ನಿಂತಿದೆ. ಪ್ರಧಾನ ಸಂಪಾದಕರಿಗೆ ನನ್ನ ಹೆಸರು ಹೇಳಿದ್ದೂ ಅವರೇ.

ಹೆಸರು ತೆಗೆದು ಇಬ್ಬರು ರಿವ್ಯೂವರ್‌ಗಳಿಗೆ ಲೇಖನ ಕಳಿಸಿದೆ. ಇಬ್ಬರೂ ಬೇಡ ಅಂದಿದ್ದಾರೆ. ಮಾಹಿತಿ ಹಳೆಯದು, ಹೊಸ ವಾದ ಇಲ್ಲ ಅಂತ ಒಬ್ಬರು. ಅರ್ಧ ಭಾಗ ಒಂದು ಹಳೇ ಲೇಖನದಿಂದ ಸಾಲು ಸಾಲಾಗಿ ಬಂದಿದೆ ಅಂತ ಇನ್ನೊಬ್ಬರು. ಆ ಹಳೇ ಲೇಖನವೂ ಸರ್ ಬರೆದದ್ದೇ. ವಾರಕ್ಕೊಮ್ಮೆ ಫೋನ್ ಮಾಡಿ "ನಮ್ಮ ಲೇಖನ ಎಲ್ಲಿಗೆ ಬಂತು ಮಾರಾಯ್ತಿ?" ಅಂತ ಕೇಳುತ್ತಾರೆ. ನಮ್ಮೆಜಮಾನರು ಅಡಿಕೆ ಬೆಳೆಗಾರರು. "ಹಾಕಿಬಿಡು, ಅದನ್ನ ಯಾರು ಓದ್ತಾರೆ" ಅಂತಾರೆ. ಸಹ ಸಂಪಾದಕರು "ರಿಜೆಕ್ಟ್ ಒತ್ತಿ, ಮೇಲ್ ತಾನೇ ಹೋಗುತ್ತೆ" ಅಂತಾರೆ. ಗೊತ್ತಿರುವ ಗೆಳತಿಯೊಬ್ಬಳಿಗೆ ಮೂರನೇ ಅಭಿಪ್ರಾಯಕ್ಕೆ ಕಳಿಸಲಾ ಅನ್ನಿಸುತ್ತಿದೆ. ಇನ್ನೊಂದು ಚಿಕ್ಕ ಪ್ರಶ್ನೆ. ನನ್ನದೊಂದು, ಸಹ ಸಂಪಾದಕರದೊಂದು ಲೇಖನವೂ ಇದೇ ಸಂಚಿಕೆಯಲ್ಲಿದೆ. ಅದು ತಪ್ಪಾ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಿವ್ಯೂವರ್‌ಗಳು ಏನಂದರು ಅಂತ ಬರೆದಿದ್ದೀರಿ. ಎಜಮಾನರು ಏನಂದರು ಅಂತ ಬರೆದಿದ್ದೀರಿ. ಲೇಖನ ಓದಿ ನಿಮಗೆ ಏನನ್ನಿಸಿತು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಅದು ಚೆನ್ನಾಗಿದ್ದಿದ್ದರೆ ಮೊದಲ ಸಾಲಿನಲ್ಲೇ ಸರ್ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದಿರಿ, ಅಲ್ವಾ? ಹಾಗಾಗಿ ಲೇಖನ ಹಾಕಬೇಕೋ ಬೇಡವೋ ಅನ್ನುವುದನ್ನು ನೀವು ಆಗಲೇ ತೀರ್ಮಾನ ಮಾಡಿ ಆಗಿದೆ. ಹೊಸನಗರದ ಆ ಮನೆಗೆ ಇನ್ನು ಹೇಗೆ ಹೋಗುವುದು ಅನ್ನುವುದಷ್ಟೇ ಉಳಿದಿರುವ ಪ್ರಶ್ನೆ.

ಅದಕ್ಕೆ ಮೊದಲು ನಿಮ್ಮದೇ ಒಂದು ತಪ್ಪು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸರ್ ಲೇಖನ ಬಂದ ದಿನವೇ ನೀವು ಪ್ರಧಾನ ಸಂಪಾದಕರಿಗೆ ಒಂದು ಮೇಲ್ ಹಾಕಬೇಕಿತ್ತು. "ಇವರು ನನ್ನ ಗೈಡ್, ಈ ಲೇಖನವನ್ನು ನಾನು ನೋಡಲಾರೆ" ಅಂತ. ರಿವ್ಯೂವರ್‌ಗಳನ್ನು ಆರಿಸುವುದೂ ನಿಮ್ಮ ಕೆಲಸ ಆಗಬಾರದಿತ್ತು. 1997ರಲ್ಲಿ ಬ್ರಿಟನ್ನಿನ ಕೆಲವು ಸಂಪಾದಕರು ಸೇರಿ ಕಟ್ಟಿದ ಕೋಪ್ ಅನ್ನುವ ಸಂಸ್ಥೆ ಇದೆ. ಪ್ರಕಟಣೆಯ ನೀತಿ ವಿಚಾರದಲ್ಲಿ ಇವತ್ತು ಜಗತ್ತಿನ ಜರ್ನಲ್‌ಗಳು ನೋಡುವುದು ಅದರ ಕಡೆಗೆ. ಹತ್ತಿರದವರ ಲೇಖನ ಬಂದರೆ ಸಂಪಾದಕರು ಪಕ್ಕಕ್ಕೆ ಸರಿಯಬೇಕು ಅನ್ನುವುದು ಅಲ್ಲಿನ ಮೊದಲ ಪಾಠಗಳಲ್ಲಿ ಒಂದು. ಈಗಲೂ ಹೊತ್ತು ಮೀರಿಲ್ಲ. ಇವತ್ತೇ ನಾಲ್ಕು ಸಾಲು ಬರೆಯಿರಿ. ಸಂಬಂಧ ಏನು, ರಿವ್ಯೂವರ್‌ಗಳನ್ನು ಆರಿಸಿದ್ದು ಯಾರು, ಇಬ್ಬರೂ ಏನಂದಿದ್ದಾರೆ, ಇನ್ನು ಮುಂದಿನದು ನಿಮ್ಮದು ಅಂತ. ಅತಿಥಿಗಳು ಯಾರೇ ಇರಲಿ, ಸಂಚಿಕೆಯ ಕೊನೆಯ ಹೊಣೆ ಮನೆಯ ಯಜಮಾನರದೇ, ಅಂದರೆ ಪ್ರಧಾನ ಸಂಪಾದಕರದೇ. ತೀರ್ಮಾನದ ಪತ್ರಕ್ಕೆ ಅವರ ಸಹಿಯೇ ಇರಲಿ.

ಹೆಸರು ತೆಗೆದು ಕಳಿಸಿದೆ ಅಂತ ಬರೆದಿದ್ದೀರಿ. ಒಳ್ಳೆಯದೇ. ಆದರೆ ಶರಾವತಿ ಮುಳುಗಡೆ ಬಗ್ಗೆ ಕೆಲಸ ಮಾಡುವವರು ಎಷ್ಟು ಜನ ಇದ್ದಾರೆ? ಎರಡು ಪ್ಯಾರಾ ಓದಿದರೆ ಯಾರು ಬರೆದದ್ದು ಅಂತ ಗೊತ್ತಾಗಿಬಿಡುತ್ತದೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಅದರಲ್ಲಿ ಮುಳುಗಿರುವ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದಲ್ಲ, ನಿಮ್ಮ ಎರಡನೇ ರಿವ್ಯೂವರ್‌ಗೆ ಆ ಹಳೇ ಲೇಖನ ಕಂಡದ್ದೂ ಹಾಗೇ ಇರಬೇಕು. ಅವರು ಹೇಳದಿದ್ದರೂ ನಕಲು ಹಿಡಿಯುವ ಸಾಫ್ಟ್‌ವೇರ್‌ಗೆ, ಡ್ರಿಲ್‌ಬಿಟ್‌ಗೋ ಟರ್ನಿಟಿನ್‌ಗೋ ಹಾಕಿದ ದಿನ ಹೊರಗೆ ಬರುತ್ತಿತ್ತು. ಈ ವಿಷಯದಲ್ಲಿ ಮಾತ್ರ ಸರ್ ಬಗ್ಗೆ ಸ್ವಲ್ಪ ಮೆತ್ತಗಿರಿ. ನಾನೇ ಬರೆದದ್ದನ್ನು ನಾನು ಮತ್ತೆ ಬಳಸಿದರೆ ಯಾರ ಗಂಟು ಹೋಗುತ್ತದೆ ಅಂತ ಪ್ರಾಮಾಣಿಕವಾಗಿ ನಂಬಿರುವ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ಹಳೆಯದನ್ನು ಉಲ್ಲೇಖಿಸದೆ ಹಾಗೆ ಮಾಡುವುದು ಸಲ್ಲದು ಅಂತ ಉನ್ನತ ಶಿಕ್ಷಣ ನೋಡಿಕೊಳ್ಳುವ ಯುಜಿಸಿ 2020ರಲ್ಲಿ ಸ್ಪಷ್ಟವಾಗಿ ಹೇಳಿತು. ನಿವೃತ್ತರಾದವರು ಇಂಥ ಸುತ್ತೋಲೆ ಓದುತ್ತಾ ಕೂರುತ್ತಾರಾ? ಅವರ ಎದುರಿಗೆ ಕಳವು, ಚೌರ್ಯ ಅನ್ನುವ ಪದಗಳು ನಿಮ್ಮ ಬಾಯಲ್ಲಿ ಬರಬಾರದು.

ಮೂರನೇ ಅಭಿಪ್ರಾಯದ ವಿಚಾರ. ಒಬ್ಬರು ಬೇಕು, ಒಬ್ಬರು ಬೇಡ ಅಂದಾಗ ಸಂಪಾದಕರು ಮೂರನೆಯವರನ್ನು ಕೇಳುತ್ತಾರೆ. ಅದು ರೂಢಿ. ಇಲ್ಲಿ ಇಬ್ಬರದೂ ಒಂದೇ ಮಾತು. ಈಗ ಗೆಳತಿಗೆ ಕಳಿಸಿದರೆ ಅದು ಅಭಿಪ್ರಾಯ ಕೇಳಿದ ಹಾಗಲ್ಲ, ಸಾಕ್ಷಿ ಕಟ್ಟಿದ ಹಾಗೆ. ಪಾಪ, ಅವಳನ್ನೂ ಯಾಕೆ ಎಳೆಯುತ್ತೀರಿ? ಬಿಟ್ಟುಬಿಡಿ.

ಇನ್ನು ನಿಮ್ಮೆಜಮಾನರು. ಯಾರು ಓದುತ್ತಾರೆ ಅಂದರಲ್ಲ, ಅವರಿಗೆ ಅವರ ಭಾಷೆಯಲ್ಲೇ ಕೇಳಿ. ರಾಶಿ ಅಡಿಕೆ ಚೀಲಕ್ಕೆ ಒಂದು ಬೊಗಸೆ ಕಡಿಮೆ ದರ್ಜೆಯ ಗೊರಬಲು ಬೆರೆಸಿ ಮಂಡಿಗೆ ಒಯ್ಯುತ್ತೀರಾ ಅಂತ. ವ್ಯಾಪಾರಿ ಕೈ ಹಾಕಿದಾಗ ಅದೇ ಸಿಕ್ಕರೆ ರೇಟು ಬೀಳುವುದು ಆ ಒಂದು ಬೊಗಸೆಗಲ್ಲ, ಇಡೀ ಲಾಟಿಗೆ. ವಿಶೇಷ ಸಂಚಿಕೆಗಳ ಕಥೆ ನಿಜವಾಗಿಯೂ ಹೀಗೇ ಆಗಿದೆ. ಹಿಂದಾವಿ ಅಂತ ಒಂದು ಪ್ರಕಾಶನ ಸಂಸ್ಥೆ ಇತ್ತು. 2021ರಲ್ಲಿ ಅಮೆರಿಕದ ವೈಲಿ ಕಂಪನಿ ಅದನ್ನು ಕೊಂಡಿತು. ಅದರ ಜರ್ನಲ್‌ಗಳ ವಿಶೇಷ ಸಂಚಿಕೆಗಳ ಬಾಗಿಲಿನಿಂದಲೇ ಕಳಪೆ ಮತ್ತು ನಕಲಿ ಲೇಖನಗಳು ರಾಶಿ ರಾಶಿ ಒಳಗೆ ನುಗ್ಗಿದ್ದವು. 2023ರಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಲೇಖನ ವಾಪಸ್ ಪಡೆಯಬೇಕಾಯಿತು. ಅದೇ ವರ್ಷದ ಕೊನೆಗೆ ಹಿಂದಾವಿ ಅನ್ನುವ ಹೆಸರನ್ನೇ ಕೈಬಿಡುವುದಾಗಿ ವೈಲಿ ಹೇಳಿತು. ಆ ಸಂಚಿಕೆಗಳಲ್ಲಿ ಕಷ್ಟಪಟ್ಟು ಬರೆದವರೂ ಇದ್ದರಲ್ಲ, ಅವರ ಗತಿ ಏನು?

ನಿಮ್ಮ ಸಂಚಿಕೆಗೆ ಅಷ್ಟು ದೊಡ್ಡ ಗಂಡಾಂತರ ಏನೂ ಇಲ್ಲ, ಹೆದರಿಸುತ್ತಿಲ್ಲ. ಆದರೆ ಉಳಿದ ಲೇಖಕರಲ್ಲಿ ಮೊದಲ ಲೇಖನ ಬರೆದ ಹುಡುಗಿ ಒಬ್ಬಳಾದರೂ ಇದ್ದೇ ಇರುತ್ತಾಳೆ. ಮೊದಲಾಗಿದ್ದರೆ ಅವಳಿಗೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿ, ಅಂದರೆ ಯುಜಿಸಿ ಕೇರ್‌ನಲ್ಲಿ, ಜರ್ನಲ್ ಹೆಸರಿದ್ದರೆ ಸಾಕಿತ್ತು. 2025ರಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಿದರು. ಜರ್ನಲ್ ಹೇಗಿದೆ ಅಂತ ಈಗ ಕಾಲೇಜು, ವಿಶ್ವವಿದ್ಯಾಲಯಗಳೇ ನೋಡಬೇಕು. ಸಂಪಾದಕರು ಯಾರು, ಹೇಗೆ ಆರಿಸಿದರು ಅಂತ ಕೇಳುವವರು ಇನ್ನು ಮುಂದೆ ಜಾಸ್ತಿ ಆಗುತ್ತಾರೆ.

ಚಿಕ್ಕ ಪ್ರಶ್ನೆ ಅಂತ ಕೊನೆಯಲ್ಲಿ ಸೇರಿಸಿದ್ದೀರಲ್ಲ, ನನ್ನ ಪ್ರಕಾರ ಪತ್ರದಲ್ಲಿ ಅದೇ ದೊಡ್ಡದು. ಅತಿಥಿ ಸಂಪಾದಕರು ತಮ್ಮ ಸಂಚಿಕೆಯಲ್ಲಿ ಬರೆಯಲೇಬಾರದು ಅಂತ ಏನಿಲ್ಲ. ಮುಕ್ತ ಜರ್ನಲ್‌ಗಳ ಪಟ್ಟಿ ಇಡುವ ಡಿಒಎಜೆ ಅದಕ್ಕೊಂದು ಅಳತೆ ಇಟ್ಟಿದೆ. ಸಂಪಾದಕರ ಲೇಖನಗಳು ಸಂಚಿಕೆಯ ಶೇ. 25ನ್ನು ಮೀರಬಾರದು, ಅವುಗಳ ಪರಿಶೀಲನೆ ಬೇರೆಯವರ ಕೈಯಲ್ಲಿ ಆಗಬೇಕು. "ನೀವು ನನ್ನದು ನೋಡಿ, ನಾನು ನಿಮ್ಮದು ನೋಡುತ್ತೇನೆ" ಅಂತ ಇಬ್ಬರು ಸಂಪಾದಕರು ಅದಲು ಬದಲು ಮಾಡಿಕೊಳ್ಳುವುದು ಬೇರೆಯವರ ಕೈ ಅಲ್ಲ, ಹಾಗೇನಾದರೂ ಮಾಡಿದ್ದರೆ ಅದನ್ನೂ ಇವತ್ತಿನ ಮೇಲ್‌ನಲ್ಲೇ ಹೇಳಿ. ಈಗ ಲೆಕ್ಕ ಹಾಕಿ. ಸರ್ ಲೇಖನ ಹೋದರೆ ಉಳಿಯುವುದು ಎಂಟು. ಅದರಲ್ಲಿ ನಿಮ್ಮಿಬ್ಬರದು ಎರಡು. ಗೆರೆ ದಾಟಿಲ್ಲ, ಆದರೆ ಕಾಲು ಗೆರೆ ಮೇಲೇ ಇದೆ.

ಲೆಕ್ಕ ಬಿಡಿ. ಸಂಚಿಕೆ ಅಚ್ಚಾಗಿ ಸರ್ ಕೈಗೆ ಬರುತ್ತದೆ. ಮೊದಲು ತೆಗೆಯುವುದೇ ಪರಿವಿಡಿ. ತಮ್ಮ ಹೆಸರು ಇಲ್ಲ, ನಿಮ್ಮ ಹೆಸರು ಇದೆ. ಅದೂ ಅವರ ನೋಟ್‌ಬುಕ್ ನೋಡಿ ಬೆಳೆದ ವಿಷಯದ ಮೇಲೆ. ಯಾವ ನಿಯಮ ತೋರಿಸಿ ಏನು ಹೇಳುತ್ತೀರಿ? ನಿಮ್ಮ ಲೇಖನವನ್ನು ಈ ಸಂಚಿಕೆಯಿಂದ ತೆಗೆಯಿರಿ. ಬೇರೆ ಜರ್ನಲ್‌ಗೆ ಕಳಿಸಿ. ಒಳ್ಳೆಯದಾಗಿದ್ದರೆ ಎಲ್ಲಾದರೂ ಬರುತ್ತದೆ. ಈ ಸಂಚಿಕೆಗೆ ಸಂಪಾದಕೀಯ ಬರೆಯಿರಿ, ಸಾಕು. ಇದು ನಿಮಗೆ ರುಚಿಸುವುದಿಲ್ಲ ಅಂತ ಗೊತ್ತು. ಒಂದು ವರ್ಷ ತಡವಾಗಬಹುದು. ಆದರೂ ಹೇಳುತ್ತಿದ್ದೇನೆ.

ಸಹ ಸಂಪಾದಕರ ಸಲಹೆ ಕ್ರಮದ ಪ್ರಕಾರ ಸರಿ, ಪತ್ರ ಸಿಸ್ಟಮ್‌ನಿಂದಲೇ ಹೋಗಬೇಕು. ಆದರೆ ಅದರ ಹಿಂದೆ ನೀವು ಅಡಗಿ ಕೂರಬಾರದು. ನಾನೂ ಒಮ್ಮೆ ಅಡಗಿದ್ದೇನೆ. ಬಹಳ ಹಿಂದೆ ಒಂದು ಸ್ಮರಣ ಸಂಚಿಕೆಗೆ ಕೆಲಸ ಮಾಡುತ್ತಿದ್ದಾಗ ಊರಿನ ಹಿರಿಯರೊಬ್ಬರು ಹದಿನಾಲ್ಕು ಪುಟದ ಪದ್ಯ ಕೊಟ್ಟರು. ಚೆನ್ನಾಗಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಈ ಸಲ ಜಾಗ ಇಲ್ಲ" ಅಂದೆ. "ಅಯ್ಯೋ, ಅದಕ್ಕೇನು, ಮುಂದಿನ ಸಲಕ್ಕೆ ಇಟ್ಟುಕೋ" ಅಂದರು. ಮುಂದಿನ ವರ್ಷ ಇನ್ನೂ ಆರು ಪುಟ ಸೇರಿಸಿ ತಂದರು! ಆಮೇಲೆ ನಾನು ಅವರನ್ನು ಕಂಡರೆ ರಸ್ತೆ ದಾಟುವ ಹಾಗಾಯಿತು. ಸುಳ್ಳು ಕಾರಣ ಕೊಟ್ಟು ಕೈ ತೊಳೆದುಕೊಂಡೆ ಅಂದುಕೊಂಡಿದ್ದೆ. ಮನುಷ್ಯರನ್ನೇ ಕಳೆದುಕೊಂಡೆ.

ಹಾಗಾಗಿ ಎರಡು ಕೆಲಸ ಮಾಡಿ. ಮುಂದಿನ ಸಲ ಸರ್ ಫೋನ್ ಬಂದಾಗ ಇಷ್ಟೇ ಹೇಳಿ: "ಸರ್, ನಿಮ್ಮ ಲೇಖನ ನಾನು ನೋಡಬಾರದು, ನಾನು ನಿಮ್ಮ ವಿದ್ಯಾರ್ಥಿನಿ. ಪ್ರಧಾನ ಸಂಪಾದಕರಿಗೆ ಬಿಟ್ಟಿದ್ದೇನೆ, ಅವರೇ ಬರೆಯುತ್ತಾರೆ." ಅದಕ್ಕಿಂತ ಹೆಚ್ಚು ಒಂದಕ್ಷರ ಬೇಡ. ರಿವ್ಯೂವರ್‌ಗಳು ಯಾರು ಅನ್ನುವ ಸುಳಿವು ಯಾವತ್ತೂ ಬೇಡ. ಪತ್ರ ಅವರಿಗೆ ಮುಟ್ಟಿದ ಮೇಲೆ, ಅದೇ ದಿನ ಆಗದಿದ್ದರೆ ಮಾರನೇ ದಿನ, ಹೊಸನಗರದ ಬಸ್ ಹತ್ತಿ. ಒಬ್ಬರೇ ಹೋಗಿ. ಮಳೆಗಾಲದಲ್ಲಿ ಅಲ್ಲಿ ಎಷ್ಟು ಸಲ ಕರೆಂಟು, ನೆಟ್‌ವರ್ಕ್ ಹೋಗುತ್ತದೆ ಅಂತ ನಿಮಗೇ ಗೊತ್ತು. ಅವರು ಮೇಲ್ ನೋಡಿದ್ದಾರೆ ಅಂತ ಖಾತ್ರಿ ಮಾಡಿಕೊಂಡೇ ಹೊರಡಿ.

ನನ್ನ ಕೈಯಲ್ಲಿ ಏನೂ ಇರಲಿಲ್ಲ ಸರ್ ಅಂತ ಹೇಳಬೇಡಿ, ಅದು ಅರ್ಧ ಸುಳ್ಳು. ಅವರು "ನಿನಗೂ ಹಾಗೇ ಅನ್ನಿಸಿತಾ?" ಅಂತ ಕೇಳಿಯೇ ಕೇಳುತ್ತಾರೆ. ಹೌದು ಅನ್ನಿ. ನಿಮ್ಮ ಹಿಂದಿನ ಲೇಖನದಲ್ಲಿ ಇದ್ದದ್ದು ಇದರಲ್ಲೂ ಇದೆ ಸರ್ ಅನ್ನಿ. ಸಿಟ್ಟು ಮಾಡಬಹುದು, ಕೃತಘ್ನೆ ಅನ್ನಬಹುದು, ಮಾತು ಬಿಡಬಹುದು. ಹಾಗೇನೂ ಆಗುವುದಿಲ್ಲ ಅನ್ನುವ ಭರವಸೆ ನಾನು ಕೊಡಲಾರೆ.

ಆ ನೋಟ್‌ಬುಕ್‌ಗಳ ಸುದ್ದಿ ಅವತ್ತು ಎತ್ತಬೇಡಿ, ಸಮಾಧಾನದ ಬಹುಮಾನ ಕೊಟ್ಟ ಹಾಗಾಗುತ್ತದೆ. ಒಂದೆರಡು ತಿಂಗಳು ಬಿಟ್ಟು ಹೋಗಿ ಕೇಳಿ. ಲಿಂಗನಮಕ್ಕಿ ಕಟ್ಟಿ ಮುಗಿದದ್ದು 1964ರಲ್ಲಿ. ಆಗ ಮೂವತ್ತು ವರ್ಷದವರಾಗಿ ಮನೆ ಬಿಟ್ಟು ಹೊರಟವರಿಗೆ ಈಗ ತೊಂಬತ್ತು ದಾಟಿದೆ. ಅವರ ಮಾತು ಆ ಪುಟಗಳಲ್ಲಿದೆ. ಮಲೆನಾಡಿನ ತೇವಕ್ಕೆ ಕಾಗದ ಎಷ್ಟು ದಿನ ತಡೆದೀತು? ಸ್ಕ್ಯಾನ್ ಮಾಡಿ ಇಡೋಣ, ಪಕ್ಕದಲ್ಲಿ ಕೂತು ನೀವು ಹೇಳಿ ನಾನು ಬರೆದುಕೊಳ್ಳುತ್ತೇನೆ ಅಂತ ಹೇಳಿ. ಯಾವ ಸಂಚಿಕೆಗೂ ಅಲ್ಲ, ಸುಮ್ನೆ.

ಮತ್ತೆ, ಮೊದಲ ಸಲ ಹೋದ ದಿನ ಅಮ್ಮ ಬಾಗಿಲಲ್ಲೇ ಊಟಕ್ಕೆ ಏಳು ಅಂತಾರೆ. ಬೇಡ ಅನ್ನಬೇಡಿ. ಆದರೆ ಎಲೆ ಹಾಕುವ ಮೊದಲೇ ಸರ್ ಹತ್ತಿರ ಮಾತು ಮುಗಿಸಿಬಿಡಿ. ಉಂಡ ಮೇಲೆ ನಿಮ್ಮಿಂದ ಆಗುವುದಿಲ್ಲ.