ಎನ್ವಿಡಿಯಾ ಡ್ರೈವರ್ ಹಾಕಿದರೂ ಎಚ್‌ಡಿಎಂಐ ಮಾನಿಟರ್ ಬರುತ್ತಿಲ್ಲ. ಉಬುಂಟು ಮತ್ತೆ ಹಾಕಬೇಕಾ?

ಬೇಡ, ದಯವಿಟ್ಟು ಬೇಡ. ಹಾಗೆ ಎರಡು ಸಲ ಹಾಕಿ ಒಂದಿಡೀ ವಾರಾಂತ್ಯ ಕಳೆದುಕೊಂಡವನು ನಾನು.

ಡ್ರೈವರ್ ಕಟ್ಟಿಕೊಡುವ ಡಿಕೆಎಂಎಸ್ ಪ್ಯಾಕೇಜ್ ತಕರಾರಿಲ್ಲದೆ ಇನ್‌ಸ್ಟಾಲ್ ಆಯಿತು, ಆದರೆ ಕಾರ್ಡಿನ ಸ್ಥಿತಿ ತೋರಿಸುವ ಎನ್ವಿಡಿಯಾ-ಎಸ್‌ಎಂಐ ಕಮಾಂಡ್ ಕೊಟ್ಟರೆ ಡ್ರೈವರ್ ಜೊತೆ ಮಾತಾಡೋಕೆ ಆಗ್ತಿಲ್ಲ ಅನ್ನುತ್ತೆ, ಲ್ಯಾಪ್‌ಟಾಪ್ ಪರದೆ ಮಾತ್ರ ಸರಿಯಿದೆ ಎಂದಿದ್ದೀರಿ. ಆ ಪರದೆಯನ್ನು ನಡೆಸುತ್ತಿರುವುದು ಇಂಟೆಲ್ ಗ್ರಾಫಿಕ್ಸ್ ಚಿಪ್. ಎಚ್‌ಡಿಎಂಐ ಪೋರ್ಟ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನೇರ ಎನ್ವಿಡಿಯಾ ಚಿಪ್‌ಗೆ ಸೇರಿರುತ್ತದೆ. ಅದು ಎದ್ದೇಳದಿದ್ದರೆ ಮಾನಿಟರ್ ಕತ್ತಲೇ.

ನನ್ನ ಅನುಮಾನ ಸೆಕ್ಯೂರ್ ಬೂಟ್ ಮೇಲೆ, ಅಂದರೆ ನಂಬಿಕಸ್ಥ ಸಹಿ ಇಲ್ಲದ ಸಾಫ್ಟ್‌ವೇರನ್ನು ಬೂಟ್ ಆಗುವಾಗ ತಡೆಯುವ ವ್ಯವಸ್ಥೆಯ ಮೇಲೆ. ಡಿಕೆಎಂಎಸ್ ಡ್ರೈವರನ್ನು ನಿಮ್ಮ ಮೆಷಿನ್‌ನಲ್ಲೇ ಕಟ್ಟಿ, ಅಲ್ಲೇ ಹುಟ್ಟಿದ ಒಂದು ಕೀ ಬಳಸಿ ಸಹಿ ಹಾಕುತ್ತದೆ. ಆ ಕೀ ಯಾರದೆಂದು ಗೊತ್ತಿಲ್ಲದಿದ್ದರೆ ಉಬುಂಟುವಿನ ತಿರುಳಾದ ಕರ್ನಲ್ ಡ್ರೈವರನ್ನು ಒಳಗೇ ಬಿಡುವುದಿಲ್ಲ.

ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳಿತ್ತು, ಅಲ್ವಾ? ರೀಸ್ಟಾರ್ಟ್ ಮಾಡಿದಾಗ, ಆ ಕೀಯನ್ನು ನೋಂದಾಯಿಸಲು ಒಂದು ನೀಲಿ ಪರದೆ ಬರುತ್ತದೆ. ಸುಮಾರು 10 ಸೆಕೆಂಡ್ ಕಾಯುತ್ತದೆ. ಯಾವ ಕೀಲಿಯನ್ನೂ ಒತ್ತದಿದ್ದರೆ ಸುಮ್ನೆ ಮುಂದೆ ಹೋಗಿಬಿಡುತ್ತದೆ. ನಾನು ಏನೋ ಕೆಟ್ಟಿತು ಅಂತ ಗಾಬರಿಯಾಗಿ, ಮೊದಲ ಸಾಲಿನ ‘ಕಂಟಿನ್ಯೂ ಬೂಟ್’ ಮೇಲೇ ಎಂಟರ್ ಒತ್ತಿದ್ದೆ. ಎರಡು ಸಲವೂ!

ಈಗ ಆ ನೀಲಿ ಪರದೆಯನ್ನು ಮತ್ತೆ ಕರೆಸಬೇಕು. ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಜೊತೆ, ಕೀ ನೋಂದಾಯಿಸುವ ಮೋಕ್‌ಯುಟಿಲ್ ಕಮಾಂಡಿನ ಇಂಪೋರ್ಟ್ ಆಯ್ಕೆ ಕೊಟ್ಟು, ಆ ಕೀ ಇರುವ ಮೋಕ್ ಡಾಟ್ ಡಿಇಆರ್ ಫೈಲಿನ ದಾರಿ ಬರೆಯಿರಿ. ಅದು ವಾರ್, ಲಿಬ್, ಶಿಮ್-ಸೈನ್ಡ್, ಮೋಕ್ ಎಂಬ ಫೋಲ್ಡರುಗಳ ಒಳಗಿದೆ. ಪಾಸ್‌ವರ್ಡ್ ಒಂದೇ ಸಲಕ್ಕೆ ಬೇಕಾಗುವುದು, 8 ಅಂಕಿ ಇಟ್ಟರೆ ಸಾಕು. ರೀಸ್ಟಾರ್ಟ್ ಮಾಡಿ, ಎದುರಿಗೇ ಕೂತಿರಿ. ‘ಎನ್‌ರೋಲ್ ಮೋಕ್’, ಆಮೇಲೆ ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ‘ರೀಬೂಟ್’. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣದಿದ್ದರೂ ಹೆದರಬೇಡಿ.

ಬಯಾಸ್‌ನಲ್ಲಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಅಂತ ಜಾಸ್ತಿ ಜನ ಹೇಳುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಪಕ್ಕದಲ್ಲಿ ವಿಂಡೋಸ್ ಇದ್ದು, ಅದರ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ, ಅದು ರಿಕವರಿ ಕೀ ಕೇಳಿ ಕೂರಬಹುದು. 48 ಅಂಕಿಯ ಆ ಕೀ ಕೈಯಲ್ಲಿಲ್ಲದೆ ಆ ದಾರಿ ಹಿಡಿಯಬೇಡಿ.

ಇಷ್ಟಾದ ಮೇಲೆ ಎನ್ವಿಡಿಯಾ-ಎಸ್‌ಎಂಐ ಕಾರ್ಡಿನ ಹೆಸರು, ಬಿಸಿ ಎಷ್ಟು ಎಂದೆಲ್ಲ ಒಂದು ಪಟ್ಟಿ ತೋರಿಸಬೇಕು. ಇಷ್ಟಾದರೂ ಮಾನಿಟರ್ ಬರದಿದ್ದರೆ, ಯಾವ ಚಿಪ್ ಆಯ್ಕೆಯಾಗಿದೆ ಎಂದು ಹೇಳುವ ಪ್ರೈಮ್-ಸೆಲೆಕ್ಟ್ ಕ್ವೆರಿ ಕೊಟ್ಟು ನೋಡಿ. ‘ಇಂಟೆಲ್’ ಅಂತಿದ್ದರೆ ‘ಆನ್-ಡಿಮಾಂಡ್’ ಮಾಡಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ. ಆಗಲೂ ಬರದಿದ್ದರೆ ಡಿಕೆಎಂಎಸ್ ಸ್ಟೇಟಸ್ ಏನು ಹೇಳುತ್ತದೆ ಎಂದು ಇಲ್ಲೇ ಹಾಕಿ, ನೋಡೋಣ.