ಅಜ್ಜನೇ ಗುರು, ಹಾಗಂತಲೇ ಬರೆಯಿರಿ

ಪ್ರಶ್ನೆ: ಅಕ್ಕಾ, ನನಗೆ 21 ವರ್ಷ. ಕಾಸರಗೋಡಿನ ಬದಿಯಡ್ಕದ ಕಡೆಯವಳು, ನಾವು ಕೊರಗ ಸಮುದಾಯದವರು. ಡೋಲು ಬಾರಿಸುವುದನ್ನು ಅಜ್ಜನ ಹತ್ತಿರ ಚಿಕ್ಕಂದಿನಲ್ಲೇ ಕಲಿತೆ. ಈಗ ನಾವು ಆರು ಮಂದಿ ಹುಡುಗಿಯರು ತಂಡ ಕಟ್ಟಿದ್ದೇವೆ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲು ಹೋದರೆ ಗುರುಗಳ ಸರ್ಟಿಫಿಕೇಟ್ ತನ್ನಿ ಅಂದರು. ಡೋಲಿಗೆ ಎಲ್ಲಿಯ ಗುರು? ಅಜ್ಜನಿಗೆ ಸಹಿ ಹಾಕಲೂ ಬರುವುದಿಲ್ಲ. ಅಮ್ಮ ಬೇರೆ, ಈ ಡೋಲು ನಮಗೆ ಬೇಡವೇ ಬೇಡ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ಅಮ್ಮನ ಮಾತು. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಡೋಲು ಬಾರಿಸುವುದು ನಿಮ್ಮವರಿಗೆ ಎಷ್ಟೋ ಕಾಲ ಇಷ್ಟದ ಕೆಲಸ ಆಗಿರಲಿಲ್ಲ. ಕರೆದಲ್ಲಿಗೆ ಹೋಗಬೇಕು, ದೂರ ನಿಂತು ಬಾರಿಸಬೇಕು, ಉಳಿದದ್ದನ್ನು ತಿನ್ನಬೇಕು. ಅಜಲು ಅನ್ನುವ ಆ ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾನೂನು ಮಾಡಿಯೇ ನಿಷೇಧಿಸಬೇಕಾಯಿತು. ಈಗ ಕೇರಳದಲ್ಲಿರುವ ನಮ್ಮ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು, ಹಾಗಾಗಿ ಗಡಿಯ ಈಚೆಯ ಹಿರಿಯರಿಗೂ ಆ ನೆನಪು ಇದ್ದೇ ಇದೆ. ಅಮ್ಮ ಬೇಡ ಅನ್ನುವುದು ಡೋಲನ್ನಲ್ಲ, ಆ ದಿನಗಳನ್ನು ಅಂತ ನನಗನಿಸುತ್ತದೆ. ನೀವು ಎಲ್ಲಿ ಬಾರಿಸುತ್ತೀರಿ, ಯಾರು ಕರೆದರೆ ಹೋಗುತ್ತೀರಿ, ಎಷ್ಟು ಸಂಭಾವನೆ ಕೇಳುತ್ತೀರಿ ಅನ್ನುವುದನ್ನು ತಂಡದವರೇ ತೀರ್ಮಾನ ಮಾಡಿ, ಅಮ್ಮನನ್ನೂ ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿ. ಆಮೇಲೂ ಬೇಡ ಅಂದರೆ ಅವರಿಗೆ ಸಮಯ ಕೊಡಿ.

ಇನ್ನು ಗುರು. ನಿಮ್ಮ ಅಜ್ಜ ಅಲ್ದೆ ಇನ್ಯಾರು? ಕೇಂದ್ರ ಸಂಸ್ಕೃತಿ ಇಲಾಖೆ ಯುವ ಕಲಾವಿದರಿಗೆ ಕೊಡುವ ಸ್ಕಾಲರ್‌ಶಿಪ್ 18ರಿಂದ 25 ವರ್ಷದವರಿಗೆ. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಜನಪದ ಕಲೆಗಳೂ ಅದರಲ್ಲಿವೆ. ಅವರು ಕೇಳುವುದು ಗುರುವಿನ ಹತ್ತಿರವೋ ಸಂಸ್ಥೆಯಲ್ಲೋ ಕನಿಷ್ಠ ಐದು ವರ್ಷ ಕಲಿತಿರಬೇಕು ಅಂತ. ಗುರುವಿಗೆ ಡಿಗ್ರಿ ಬೇಕು ಅಂತ ಅಲ್ಲ. ಹಾಗಾಗಿ ಒಂದು ಕಾಗದದಲ್ಲಿ ಅಜ್ಜನ ಹೆಸರು, ವಯಸ್ಸು, ಅವರು ಯಾರಿಂದ ಕಲಿತರು, ನೀವು ಯಾವ ವರ್ಷದಿಂದ ಅವರ ಹತ್ತಿರ ಕಲಿಯುತ್ತಿದ್ದೀರಿ, ಯಾವ ಯಾವ ಪೆಟ್ಟುಗಳು ಬರುತ್ತವೆ, ಎಲ್ಲವನ್ನೂ ಬರೆದು ಅವರಿಂದ ಹೆಬ್ಬೆಟ್ಟು ಒತ್ತಿಸಿ. ಪಕ್ಕದಲ್ಲಿ ಇಬ್ಬರು ಸಾಕ್ಷಿ ಹಾಕಲಿ, ಒಬ್ಬರು ವಾರ್ಡಿನ ಮೆಂಬರ್ ಆದರೆ ಒಳ್ಳೆಯದು. ಪೆಟ್ಟುಗಳಿಗೆ ನಿಮ್ಮ ಮನೆಯಲ್ಲಿ ಹೇಳುವ ಹೆಸರನ್ನೇ ಬರೆಯಿರಿ, ಪುಸ್ತಕದ ಹೆಸರು ಹುಡುಕಲು ಹೋಗಬೇಡಿ. ಅಜ್ಜ ಕಲಿಸುತ್ತಿರುವ ಒಂದು ವಿಡಿಯೋ ಮಾಡಿಡಿ. ಫೋನಿನಲ್ಲಿ ತೆಗೆದರೂ ಸಾಕು, ಆದರೆ ಕೈ ಕಾಣಬೇಕು, ಸದ್ದು ಸರಿಯಾಗಿ ಕೇಳಬೇಕು.

ನಾನೂ ಹೀಗೇ ಒಬ್ಬ ಹುಡುಗನ ಅರ್ಜಿ ತುಂಬಿಸಿಕೊಟ್ಟಿದ್ದೆ. ಗುರುವಿನ ಜಾಗದಲ್ಲಿ 'ಮನೆಯಲ್ಲೇ ಕಲಿತದ್ದು' ಅಂತ ಬರೆದುಬಿಟ್ಟೆ. ಅರ್ಜಿ ವಾಪಸ್ ಬಂತು. ಅವನ ಮಾವ ಮೂವತ್ತು ವರ್ಷ ಕಲಿಸಿದವರು, ಅವರ ಹೆಸರನ್ನೇ ಬರೆಯದೆ ಬಿಟ್ಟಿದ್ದೆನಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಒಂದು ವಿಷಯ ತಿಳಿದಿರಲಿ, ಈ ಹಣ ತಿಂಗಳು ತಿಂಗಳು ಬರುವುದಿಲ್ಲ, ಆರು ತಿಂಗಳಿಗೊಮ್ಮೆ ಕಂತಿನಲ್ಲಿ ಬರುತ್ತದೆ. ಹಾಗಾಗಿ ಅದನ್ನು ನಂಬಿ ಇರುವ ಕೆಲಸ ಬಿಡಬೇಡಿ.

ನನ್ನ ಕೇಳಿದರೆ ಮೊದಲು ಅಜ್ಜನಿಗೆ ದುಡ್ಡು ಬರುವ ದಾರಿ ನೋಡಬೇಕು. ತಂಜಾವೂರಿನಲ್ಲಿ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ ಇದೆ. ಕೇರಳ, ಕರ್ನಾಟಕ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಅಲ್ಲಿನ ಗುರು–ಶಿಷ್ಯ ಪರಂಪರೆ ಯೋಜನೆಯಲ್ಲಿ ಮರೆಯಾಗುತ್ತಿರುವ ಕಲೆಗಳಿಗೆ ಗುರುವಿಗೆ ತಿಂಗಳಿಗೆ 7,500, ಜೊತೆಗೆ ಬಾರಿಸುವವರಿಗೆ 3,750, ಕಲಿಯುವ ಒಬ್ಬೊಬ್ಬರಿಗೆ 1,500 ರೂಪಾಯಿ. ನಿಮ್ಮದು ಆರು ಮಂದಿಯ ತಂಡ, ಕಲಿಸುವ ಅಜ್ಜ ಮನೆಯಲ್ಲೇ ಇದ್ದಾರೆ, ಇದಕ್ಕಿಂತ ಇನ್ನೇನು ಬೇಕು? ಕಣ್ಣೂರಿನ ಚಿರಕ್ಕಲ್‌ನಲ್ಲಿರುವ ಕೇರಳ ಫೋಕ್‌ಲೋರ್ ಅಕಾಡೆಮಿಗೂ ಅಜ್ಜನ ವಿವರ ಕೊಟ್ಟು ಬನ್ನಿ. ಅಲ್ಲಿ ಹಿರಿಯರಿಗೂ ಕಿರಿಯರಿಗೂ ಬೇರೆ ಬೇರೆ ಪ್ರಶಸ್ತಿಗಳಿವೆ. ಪತ್ರ ಹಾಕುವುದಕ್ಕಿಂತ ರೈಲು ಹತ್ತಿ ಹೋಗಿ ಮುಖ ತೋರಿಸುವುದೇ ಮೇಲು.

ಫಾರಂ ಮಲಯಾಳದಲ್ಲಿದೆ ಅಂತ ಹಿಂಜರಿಯಬೇಡಿ. 1969ರ ಕೇರಳದ ಆಡಳಿತ ಭಾಷಾ ಕಾನೂನಿನ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಆದರೂ ಕೆಲಸ ಬೇಗ ಆಗಲಿ ಅಂದರೆ ಮಲಯಾಳ ಬರುವ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ನಿಮ್ಮ ಕಡೆಯ ಎಸ್‌ಟಿ ಪ್ರಮೋಟರ್‌ಗೆ ಇಂಥ ಓಡಾಟದಲ್ಲಿ ನೆರವಾಗುವುದೇ ಕೆಲಸ, ಅವರನ್ನು ಕೇಳಿ. ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಎರಡನ್ನೂ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಿಂದ ಈಗಲೇ ಅರ್ಜಿ ಹಾಕಿ ಮಾಡಿಸಿಡಿ. ಕೊನೆಯ ದಿನ ಸರ್ವರ್ ಕೈಕೊಟ್ಟು ಅವಕಾಶ ತಪ್ಪಿದವರು ಎಷ್ಟು ಮಂದಿ ನನಗೆ ಕಾಗದ ಬರೆದಿದ್ದಾರೆ!

ಪ್ರಶ್ನೆ: ಮಗಳಿಗೆ 12 ವರ್ಷ, ಯಕ್ಷಗಾನ ಕಲಿಯುತ್ತಿದ್ದಾಳೆ. ನಾವು ಮೊಗೇರ ಸಮುದಾಯದವರು, ನಾನು ಕೂಲಿ ಕೆಲಸಕ್ಕೆ ಹೋಗುವವನು. ವೇಷದ ಖರ್ಚು ತಾಳಲಾಗುತ್ತಿಲ್ಲ. ಕ್ಲಾಸಿಗೆ ಕಳಿಸುವುದನ್ನು ನಿಲ್ಲಿಸಲೇ? (ಕುಂಬಳೆ ಹತ್ತಿರದ ಓದುಗರು)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ ಅಣ್ಣಾ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಹುಡುಗಿ ಗೆಜ್ಜೆ ಬಿಚ್ಚಿಡಬಾರದು. ಸಿಸಿಆರ್‌ಟಿ ಅನ್ನುವ ಕೇಂದ್ರದ ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತದೆ. ವರ್ಷಕ್ಕೆ 3,600 ರೂಪಾಯಿ, ಮೇಲೆ ಗುರುವಿನ ಫೀಸಿಗೆ 9,000ದವರೆಗೆ. ಇದರಿಂದ ವೇಷ ಕೊಳ್ಳಲಾಗುವುದಿಲ್ಲ ನಿಜ. ಆದರೆ ಫೀಸಿನ ಭಾರ ಇಳಿಯುತ್ತದೆ, ಚೆನ್ನಾಗಿ ಕಲಿತರೆ ಮುಂದೆಯೂ ಸಿಗುತ್ತಾ ಹೋಗುತ್ತದೆ. ಮನೆಯಲ್ಲಿ ಹಿಂದಿನಿಂದ ಯಾರಾದರೂ ಪಾಡ್ದನ (ತುಳುವಿನ ಜನಪದ ಕಥನ ಹಾಡು) ಹೇಳುತ್ತಿದ್ದರೋ ಕುಣಿಯುತ್ತಿದ್ದರೋ ಅದನ್ನೂ ಬರೆಯಿರಿ, ಪರಂಪರೆಯಿಂದ ಕಲೆ ನಡೆಸಿಕೊಂಡು ಬಂದ ಮನೆಗಳ ಮಕ್ಕಳಿಗೆ ಅದರಲ್ಲಿ ಬೇರೆ ಪಾಲು ಇದೆ. ವೇಷವನ್ನು ಕೊಳ್ಳಲೇಬೇಡಿ, ಬೆಳೆಯುವ ಮಗು. ಬಾಡಿಗೆಗೆ ತನ್ನಿ, ಇಲ್ಲವೇ ಕ್ಲಾಸಿನ ನಾಲ್ಕು ಮನೆಯವರು ಸೇರಿ ಒಂದು ಸೆಟ್ ಮಾಡಿಸಿ.

ದುಡ್ಡಿಗಿಂತ ಜಾಸ್ತಿ ನೀವು ಗಮನಿಸಬೇಕಾದದ್ದು ಬೇರೊಂದಿದೆ. ಹೆಜ್ಜೆ ಕ್ಲಾಸಿನಲ್ಲಿ ಬರುತ್ತದೆ, ಮಾತು ಹಾಗೆ ಬರುವುದಿಲ್ಲ. ಅದು ಹಿರಿಯರ ಪಕ್ಕ ಕೂತು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹೇಳುವ ಯಕ್ಷಗಾನ) ಕೇಳಿ ಕೇಳಿ ಬರುವಂಥದ್ದು. ಮಗಳನ್ನು ಕೂಟಗಳಿಗೆ ಕರೆದುಕೊಂಡು ಹೋಗಿ. ಪ್ರಸಂಗದ ಪುಸ್ತಕ ಕೊಟ್ಟು ಒಂದೊಂದು ಪದ್ಯಕ್ಕೆ ಅರ್ಥ ಹೇಳಿಸುವ ಒಬ್ಬರು ಸಿಗುತ್ತಾರಾ ಅಂತ ಗುರುಗಳನ್ನೇ ನೇರವಾಗಿ ಕೇಳಿ. ಎರಡು ವರ್ಷ ಆದರೂ ಗುಂಪಿನ ವೇಷದಲ್ಲೇ ಅವಳನ್ನು ಇಟ್ಟಿದ್ದರೆ ಯಾಕೆ ಅಂತಲೂ ಕೇಳಿ. ಕೇಳುವುದು ತಪ್ಪಲ್ಲ.

ಪ್ರಶ್ನೆ: ಅಪ್ಪ ನಲ್ವತ್ತು ವರ್ಷ ದೈವ ಕಟ್ಟಿದವರು, ಅಂದರೆ ನೇಮಗಳಲ್ಲಿ ದೈವದ ವೇಷ ಹಾಕಿ ಕುಣಿದವರು. ಈಗ 66, ಮೊಣಕಾಲು ನೋವು, ಕಾಲಿಗೆ ಗಗ್ಗರ ಕಟ್ಟಿ ಕುಣಿಯಲು ಆಗುವುದಿಲ್ಲ. ಏನಾದರೂ ಪಿಂಚಣಿ ಸಿಗುತ್ತದಾ?

ಉತ್ತರ: ಇದೆ. 60 ದಾಟಿದ, ವರ್ಷದ ಆದಾಯ 72,000 ರೂಪಾಯಿ ಮೀರದ ಕಲಾವಿದರಿಗೆ ಕೇಂದ್ರದಿಂದ ತಿಂಗಳಿಗೆ 6,000ದವರೆಗೆ ನೆರವು ಸಿಗುತ್ತದೆ. ಅರ್ಜಿಗೆ ಅವರ ಕಲೆಯ ಸಾಕ್ಷಿ ಬೇಕು. ಹಳೆಯ ನೇಮದ ಆಮಂತ್ರಣ ಪತ್ರ, ಫೋಟೋ, ದೈವಸ್ಥಾನದವರಿಂದ ಒಂದು ಪತ್ರ, ಊರಿನ ಕ್ಲಬ್ಬಿನವರು ಶಾಲು ಹೊದೆಸಿದ ಚಿತ್ರ, ಏನಿದ್ದರೂ ಒಟ್ಟು ಮಾಡಿ. ಅಪ್ಪ ಕಟ್ಟುತ್ತಿದ್ದ ದೈವಗಳ ಹೆಸರು, ಸ್ಥಾನಗಳ ಹೆಸರು, ವರ್ಷಗಳನ್ನು ಅವರ ಬಾಯಿಂದಲೇ ಕೇಳಿ ಈ ವಾರವೇ ಬರೆದುಕೊಳ್ಳಿ. ಬರೆಯುವಾಗ ಪಾಡ್ದನವನ್ನೂ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅದನ್ನು ಯಾವ ಇಲಾಖೆಗೂ ಕೊಡಬೇಕಾಗಿಲ್ಲ, ಮನೆಯಲ್ಲಿರಲಿ.