100 ವೋಲ್ಟಿನ ಆಂಪ್ಲಿಫೈಯರ್‌ಗೆ ಯಾವ ಟ್ರಾನ್ಸ್‌ಫಾರ್ಮರ್?

ಸೆಕೆಂಡ್ ಹ್ಯಾಂಡ್ ಜಪಾನಿ ಆಂಪ್ಲಿಫೈಯರ್ ಪ್ಲಗ್ಗಿಗೆ ಹಾಕಿದ ಕೂಡಲೇ ಫ್ಯೂಸ್ ಹೋಯ್ತು ಅಂದಿರಲ್ಲ, ಅದು ಬಹುಶಃ 100 ವೋಲ್ಟಿನ ಸೆಟ್. ನಮ್ಮಲ್ಲಿ ಬರೋದು 230. ಸುಮ್ನೆ ಫ್ಯೂಸ್ ಬದಲಿಸಿ ಮತ್ತೆ ಹಾಕಬೇಡಿ.

ಮೊದಲು ಹಿಂಬದಿಯಲ್ಲಿ, ವೈರ್ ಒಳಹೋಗುವ ಜಾಗದ ಹತ್ತಿರ ಬರೆದಿರೋದನ್ನು ಓದಿ. ‘ಎಸಿ 100 ವಿ, 180 ವ್ಯಾಟ್’ ಅಂತಿದ್ದರೆ 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಅದರ ವಿಎ (ಎಷ್ಟು ಲೋಡ್ ತಡೆಯುತ್ತೆ ಅನ್ನೋ ಅಳತೆ, ಅದರ ಮೇಲೇ ಬರೆದಿರುತ್ತೆ) ಈ ವ್ಯಾಟಿನ ಒಂದೂವರೆ ಪಟ್ಟಾದರೂ ಇರಲಿ, ಅಂದ್ರೆ ಕನಿಷ್ಠ 270; 300 ವಿಎದ್ದು ತಗೊಂಡರೆ ಆಯ್ತು. ಸ್ಪೀಕರ್‌ಗೆ ಹೋಗುವ ವ್ಯಾಟ್ ಲೆಕ್ಕ ಬೇರೆ, ಅದನ್ನು ಇಲ್ಲಿ ತರಬೇಡಿ. ಅಂಗಡಿಯವರು 110 ವೋಲ್ಟಿನದ್ದೇ ಸಾಕು ಅಂತಾರೆ. ನಾನಾದರೆ ಬೇಡ ಅಂತೀನಿ: ಕರೆಂಟ್ 245ಕ್ಕೆ ಏರಿದರೆ ಅದು 117 ಕೊಡುತ್ತೆ.

ಒಳಗೆ ಬೇರೇನಾದರೂ ಸುಟ್ಟಿದೆಯಾ ಅಂತ ನೋಡದೆ ಹೇಳೋಕಾಗಲ್ಲ. ಟ್ರಾನ್ಸ್‌ಫಾರ್ಮರ್ ಕೊಳ್ಳುವ ಮೊದಲು ರಿಪೇರಿಯವರ ಹತ್ತಿರ ಸೆಟ್ ತೋರಿಸಿ, ಫ್ಯೂಸನ್ನೂ ಅದೇ ಆಂಪಿಯರ್‌ನದ್ದು ಹಾಕಿಸಿ.